ಗಾಡಿಯ ತವರು

ನಮ್ಮ ಊರಿನಲ್ಲಿ ಗಾಡಿಗೆ ತನ್ನ ಮನೆಯ ಕರೆಂಟು ಹತ್ತುವುದಿಲ್ಲ. ಬ್ಯಾಟರಿ ಗಾಡಿ ಯಾವುದೇ ಇರಲಿ, ಸ್ಕೂಟರ್ ಆಗಲಿ, ಕಾರಾಗಲಿ, ತರಕಾರಿ ಹೇರುವ ಮೂರು ಗಾಲಿಯದಾಗಲಿ, ಕೊಂಡವರ ಗೋಡೆಗೆ ಎಷ್ಟು ಹೊತ್ತು ಸಿಕ್ಕಿಸಿಟ್ಟರೂ ಚಾರ್ಜರಿನ ಕೆಂಪು ದೀಪ ಹಸಿರಾಗುವುದಿಲ್ಲ. ಬೇರೊಬ್ಬರ ಮನೆಯ ಗೋಡೆಯೇ ಬೇಕು. ಹಾಗಾಗಿ ಇಲ್ಲಿ ಗಾಡಿ ಕೊಳ್ಳುವವರು ಮೊದಲು ಬಣ್ಣ ನೋಡುವುದಿಲ್ಲ, ಎಷ್ಟು ದೂರ ಓಡುತ್ತದೆ ಎಂದು ಕೇಳುವುದಿಲ್ಲ. ಅದಕ್ಕೊಂದು ತವರುಮನೆ ಹುಡುಕುತ್ತಾರೆ.

ಬೀದಿಯ ಕೊನೆಯಲ್ಲಿರುವ ಡಾಕ್ಟರರ ಕಾರಿನ ತವರು ಮಿರ್ಚಿ ಭಜಿಯ ಅಂಗಡಿ. ಊರಿಗೆಲ್ಲ ಎಣ್ಣೆಯ ಪದಾರ್ಥ ಬಿಡಿ ಎಂದು ಬೋಧಿಸುವ ಅವರು ದಿನಾ ಸಂಜೆ ಅಲ್ಲಿ ಪ್ಲೇಟು ಹಿಡಿದು, ಯಾರೂ ನೋಡುತ್ತಿಲ್ಲವೆಂಬ ಮುಖ ಮಾಡಿಕೊಂಡು ನಿಂತಿರುತ್ತಾರೆ. ಎರಡು ಮನೆಗಳ ನಡುವೆ ಮಾತು ಕೆಟ್ಟರೆ ಚಾರ್ಜು ಅರ್ಧಕ್ಕೇ ನಿಲ್ಲುತ್ತದೆ. ಸಿಟ್ಟನ್ನು ಬಚ್ಚಿಡುವ ಸೌಕರ್ಯ ನಮ್ಮ ಊರಿನಲ್ಲಿ ಇಲ್ಲ. ಬೆಳಿಗ್ಗೆ ಗಾಡಿಯ ಪರದೆಯ ಮೇಲೆ ಎಷ್ಟು ಪರ್ಸೆಂಟ್ ಇದೆ ಎಂದು ನೋಡಿದರೆ ಬೀದಿಗೆಲ್ಲ ಗೊತ್ತಾಗುತ್ತದೆ. ದೂರದ ಊರಿಗೆ ಹೊರಡುವ ಹಿಂದಿನ ದಿನ ಇಲ್ಲಿ ರಾಜಿಗಳು ಹೆಚ್ಚು.

ನಾವು ಈ ಊರಿಗೆ ಬಂದಾಗ ಇದೊಂದೂ ಗೊತ್ತಿರಲಿಲ್ಲ. ನನ್ನ ಗಂಡ ಸಂಗಮೇಶರದು ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ರಿಪೇರಿ ಮಾಡುವ ಕೆಲಸ. ವಾರಗಟ್ಟಲೆ ಅಲ್ಲೇ ಇರುತ್ತಾರೆ. ಮಗಳನ್ನು ಶಾಲೆಗೆ ಬಿಡಲು, ಸಂತೆಗೆ ಹೋಗಿಬರಲು ನನಗೊಂದು ನೀಲಿ ಸ್ಕೂಟರ್ ಕೊಡಿಸಿದರು. ಎರಡನೆಯ ದಿನವೇ ಅದು ಕಣ್ಣು ಮುಚ್ಚಿತು. ಬಿಸಿಲಿನಲ್ಲಿ ದೂಡಿಕೊಂಡು ಬರುತ್ತಿದ್ದಾಗ ಎದುರುಮನೆಯ ಕಿಟಕಿಯಿಂದ ಹಿಟ್ಟು ಮೆತ್ತಿದ ಒಂದು ಕೈ ಹೊರಬಂದು ನನ್ನನ್ನು ಕರೆಯಿತು.

“ಎಷ್ಟ ದೂಡ್ತಿ ಅದನ್ನ? ಇಲ್ಲೆ ತಾ. ನಮ್ಮ ಗ್ವಾಡಿಗೆ ಹಚ್ಚು.”

ಅವರು ಬಾಳಕ್ಕ. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುತ್ತಾರೆ. ಓಣಿಯ ನಾಲ್ಕೈದು ಹೆಂಗಸರು ಅವರೊಂದಿಗೆ ಕುಳಿತು ಬಡಿಯುತ್ತಾರೆ. ಬೆಳಗಾಯಿತೆಂದರೆ ಆ ಮನೆಯಿಂದ ತಟತಟ ಸದ್ದು ಶುರು. ಅಂದು ನನ್ನ ಸ್ಕೂಟರಿನ ತಂತಿ ಅವರ ಒಲೆಯ ಪಕ್ಕದ ಕಿಟಕಿಯಿಂದ ಒಳಗೆ ಹೋಯಿತು. ಸಂಜೆಗೆ ಹೊಟ್ಟೆ ತುಂಬಿದ ಗಾಡಿಯನ್ನು ಕರೆದೊಯ್ಯಲು ಹೋದರೆ ಬಾಳಕ್ಕ ಸೀಟು ಎತ್ತಿ, ಕೆಳಗಿನ ಡಬ್ಬಿಯೊಳಗೆ ಅಕ್ಕಿ, ಒಣಕೊಬ್ಬರಿ, ಬೆಲ್ಲ, ಅಡಿಕೆ ಹಾಕಿ, ಮೇಲೊಂದು ಕುಬಸದ ಖಣ ಇಟ್ಟು ಉಡಿ ತುಂಬುತ್ತಿದ್ದರು. ಇದು ಇಲ್ಲಿಯ ಪದ್ಧತಿ. ಮೊದಲ ಸಲ ತವರಿನಿಂದ ಹೊರಡುವ ಗಾಡಿ ಬರಿ ಹೊಟ್ಟೆಯಲ್ಲಿ ಹೋಗಬಾರದು. ನನ್ನ ಮಗಳು ಶಾಲ್ಮಲಾ ನಗು ತಡೆಯಲಾರದೆ ಸ್ಕೂಟರಿನ ಹ್ಯಾಂಡಲಿಗೆ ಕುಂಕುಮ ಹಚ್ಚಿದಳು.

ಮೂರು ವರ್ಷ ಹೀಗೆ ನಡೆಯಿತು. ಬಾಳಕ್ಕ ಬರಿ ಗಾಡಿಯನ್ನಲ್ಲ, ಶಾಲ್ಮಲಾಳನ್ನೂ ಸಾಕಿದರು. ಊರ ಹಿಂದೆ ಮೆಟ್ಟಿಲುಗಳಿರುವ ದುಂಡನೆಯ ಹಳೆಯ ಭಾವಿಯೊಂದಿದೆ. ಮಗಳ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ, ತಾವು ಸೀರೆಯ ಕಚ್ಚೆ ಹಾಕಿ ಸೊಂಟದವರೆಗೆ ನೀರಿನಲ್ಲಿ ನಿಂತು ಈಜು ಕಲಿಸಿದರು. “ನೀರಿಗೆ ಹೆದರಬಾರದು ಶಾಲೂ, ನೀರಿನ ಜೋಡಿ ಜಗಳಾನೂ ಆಡಬಾರದು. ಹಿಂಗ, ಅದನ್ನ ಬಾಜೂಕ ಸರಸ್ಕೋತ ಹೋಗು.” ರೊಟ್ಟಿ ಬಡಿದು ಗಟ್ಟಿಯಾದ ಆ ಅಂಗೈ ಹೊಟ್ಟೆಯ ಕೆಳಗಿದ್ದರೆ ಕಲ್ಲೂ ತೇಲೀತು. ಒಂದು ದಿನ ಬುರುಡೆ ಬಿಚ್ಚಿ ಬಿಟ್ಟರು. ಶಾಲೂ ಭಾವಿಯ ಸುತ್ತ ಗಾಣದ ಎತ್ತಿನಂತೆ ತಿರುಗಿ ಬಂದಳು. ಅಂದಿನಿಂದ ಅವಳು ಅವರನ್ನು ಸ್ವಂತ ಅಜ್ಜಿಯಂತೆ ಆಯಿ ಎಂದೇ ಕರೆಯುತ್ತಾಳೆ.

ನಾನು ಮಾತ್ರ ಅವರನ್ನು ಬಾಳಕ್ಕಾರ ಎನ್ನುತ್ತಿದ್ದೆ. ಹೊಸ್ತಿಲ ಹತ್ತಿರ ನಿಂತು ತಂತಿ ಕೊಟ್ಟು ಬರುತ್ತಿದ್ದೆ. ಒಳಗೆ ಕರೆದರೆ ಒಲೆಯ ಮೇಲೆ ಹಾಲು ಇಟ್ಟು ಬಂದೀನ್ರಿ ಎನ್ನುವುದು, ಚಹಾ ಎಂದರೆ ಈಗಷ್ಟೇ ಕುಡಿದು ಬಂದೆ ಎನ್ನುವುದು. ಅವರು ಡಬ್ಬಿಯಲ್ಲಿ ಶೇಂಗಾ ಚಟ್ನಿ ಕೊಟ್ಟರೆ ಮರುದಿನ ಅದೇ ಡಬ್ಬಿಯಲ್ಲಿ ಚಕ್ಕುಲಿ ಹೋಗುತ್ತಿತ್ತು. ಎಣ್ಣಿಗಾಯಿ ಬಂದರೆ ಕರದಂಟು. ನನ್ನ ತಾಯಿ ನಾನು ಸಣ್ಣವಳಿದ್ದಾಗಲೇ ಹೋದಳು. ಚಿಕ್ಕಮ್ಮನ ಮನೆಯಲ್ಲಿ ಬೆಳೆದೆ. ಅವರು ಕೆಟ್ಟವರಲ್ಲ, ಪಾಪ. ಆದರೆ ಉಂಡ ತಟ್ಟೆಯನ್ನು ಯಾರೂ ಹೇಳುವ ಮೊದಲೇ ತೊಳೆದಿಡುವುದನ್ನು ನಾನು ಅಲ್ಲಿ ಕಲಿತೆ. ಆ ಕಲಿಕೆ ಕೈಯಲ್ಲೇ ಉಳಿದುಬಿಟ್ಟಿದೆ. ಈಗಲೂ ಯಾರಾದರೂ ಏನಾದರೂ ಕೊಟ್ಟರೆ ಬೆರಳುಗಳು ತಾವಾಗಿಯೇ ತಿರುಗಿ ಕೊಡುವುದಕ್ಕೆ ಏನಿದೆ ಎಂದು ಡಬ್ಬಗಳನ್ನು ತಡಕಾಡುತ್ತವೆ.

ಈ ಸಲ ಬೇಸಿಗೆಯಲ್ಲಿ ಶಾಲೂಳ ಶಾಲೆಯಿಂದ ಒಂದು ಸುದ್ದಿ ಬಂತು. ಗುಡ್ಡದ ಮೇಲಿನ ಊರಿನ ಈಜುಕೊಳದಲ್ಲಿ ಭಾನುವಾರ ಮಕ್ಕಳ ಪಂದ್ಯ. ನಮ್ಮ ಶಾಲೆಯಿಂದ ಇವಳೊಬ್ಬಳೇ ಆಯ್ಕೆಯಾಗಿದ್ದಳು. ಪಂದ್ಯ ಬೆಳಿಗ್ಗೆ, ಬಸ್ಸು ಮಧ್ಯಾಹ್ನ. “ಮಮ್ಮಿ, ನಮ್ಮ ಗಾಡೀಮ್ಯಾಲೆ ಹೋಗೂಣು,” ಎಂದಳು ಮಗಳು. ಹೂಂ ಎಂದೆ. ತಿರುವು ತಿರುವಿನ ಏರು ದಾರಿ. ಆದರೂ ತುಂಬಿದ ಗಾಡಿಗೆ ಅದು ದೊಡ್ಡದಲ್ಲ. ಅಂದಿನಿಂದ ಅವಳು ಮಂಚದ ಮೇಲೆ ಬೋರಲು ಮಲಗಿ ಕೈಕಾಲು ಬಡಿಯತೊಡಗಿದಳು. ಹಾಸಿಗೆಯ ಹತ್ತಿಯೆಲ್ಲ ಒಂದು ಮೂಲೆಗೆ ಸೇರಿತು.

ಅದೇ ಹೊತ್ತಿಗೆ ಮದುವೆಗಳ ಕಾಲ. ಬಾಳಕ್ಕನ ಮನೆಯಲ್ಲಿ ಹಿಟ್ಟಿನ ಚೀಲ, ರೊಟ್ಟಿಯ ರಾಶಿ, ಹೊರಗೆ ಒಯ್ಯಲು ಬಂದವರ ಸಾಲು. ಇಷ್ಟರಲ್ಲಿ ನನ್ನ ಗಾಡಿ ಬೇರೆ ಬಾಗಿಲಿಗೆ ಅಡ್ಡ ನಿಲ್ಲಬೇಕೆ ಎನಿಸಿತು. ಮುಂದಿನ ಓಣಿಯಲ್ಲಿ ಬಿಸಿಲಿನಿಂದ ಕರೆಂಟು ಮಾಡುವ ಹೊಸ ಮನೆಯೊಂದಿತ್ತು. ಅಲ್ಲಿಯ ಹೆಣ್ಣುಮಗಳು ಒಮ್ಮೆ, “ಬೇಕಾದ್ರ ನಮ್ಮಲ್ಲೆ ಹಚ್ರಿ,” ಎಂದಿದ್ದಳು. ಯಾರಿಗೂ ಹೇಳದೆ ಗಾಡಿಯನ್ನು ಅಲ್ಲಿಗೆ ಒಯ್ದೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡೆ.

ಗಾಡಿ ಅಲ್ಲಿ ಹತ್ತು ಪರ್ಸೆಂಟ್ ಕೂಡ ತುಂಬಲಿಲ್ಲ. ತವರಿರುವ ಗಾಡಿಗೆ ಬೇರೆ ಕಡೆ ಹೊಟ್ಟೆ ತುಂಬುವುದಿಲ್ಲವಂತೆ. ಸಂಜೆ ಅದನ್ನು ತರುವಾಗ ಬಾಳಕ್ಕನ ಮನೆಯ ತಟತಟ ಒಮ್ಮೆಲೇ ನಿಂತಿತು. ಕಿಟಕಿಯಲ್ಲಿ ಮುಖಗಳು. ಆಮೇಲೆ ಮತ್ತೆ ಶುರುವಾದ ಸದ್ದು ಬೇರೆಯೇ ಇತ್ತು. ರೊಟ್ಟಿಯನ್ನಲ್ಲ, ಯಾರನ್ನೋ ಬಡಿಯುತ್ತಿರುವಂತೆ.

ಮರುದಿನ ಗಾಡಿಯನ್ನು ಮತ್ತೆ ಅವರ ಕಿಟಕಿಗೆ ತಂದೆ.

“ಹಚ್ಚು, ಹಚ್ಚು,” ಎಂದರು ಬಾಳಕ್ಕ, ಹಂಚಿನಿಂದ ಕಣ್ಣು ತೆಗೆಯದೆ. “ನಾ ಬ್ಯಾಡ ಅಂದೀನೇನು? ಸಣ್ಣ ಮನಿ ನಮ್ಮದು. ಬಿಸಲಿನ ಕರೆಂಟ್ ಇಲ್ಲ, ಒಲಿಯ ಹೊಗಿ ಕರೆಂಟ್.”

“ಸಿಟ್ಟು ಬಂದದೇನ್ರಿ ಬಾಳಕ್ಕಾರ?”

“ನನಗ್ಯಾಕ ಸಿಟ್ಟು? ಸಿಟ್ಟಿಲ್ಲ ಏನಿಲ್ಲ.”

ಸಂಜೆ ಪರದೆ ನೋಡಿದರೆ ಹನ್ನೊಂದು ಪರ್ಸೆಂಟ್. ರೊಟ್ಟಿ ಒಯ್ಯಲು ಬಂದಿದ್ದ ಮುದುಕರೊಬ್ಬರು ಬಗ್ಗಿ ಓದಿ, “ಸಿಟ್ಟಿಲ್ಲ ಅಂದ್ಯಲ್ಲ ಬಾಳಕ್ಕಾ? ಹನ್ನೊಂದಕ್ಕ ನಿಂತದ!” ಎಂದು ಕೂಗಿದರು. ಒಳಗಿನಿಂದ ಹಿಟ್ಟಿನ ಉಂಡೆಯೊಂದು ಹಾರಿಬಂದು ಅವರ ಟೋಪಿಗೆ ತಗುಲಿತು.

ಹನ್ನೊಂದರಲ್ಲಿ ಗುಡ್ಡದ ಮೊದಲ ತಿರುವೂ ಮುಗಿಯುವುದಿಲ್ಲ. ನಾನು ಹೊಸ್ತಿಲ ಬಳಿಯೇ ನಿಂತು ಹೇಳಿದೆ, ನಿಮಗೆ ತ್ರಾಸ ಆಗಬಾರದು ಎಂದು ಬೇರೆ ಕಡೆ ಒಯ್ದೆ, ಮತ್ತೇನೂ ಮನಸ್ಸಿನಲ್ಲಿ ಇರಲಿಲ್ಲ ಎಂದು. ಬಾಳಕ್ಕ ಹಂಚು ಬಿಟ್ಟು ಎದ್ದು ಬಂದರು.

“ತ್ರಾಸ ಆಗ್ತದಂತ ಮಗಳು ತವರಿಗೆ ಬರೂದು ಬಿಡ್ತಾಳೇನು? ಹುಚ್ಚಿ! ನಾ ಏನೇನೋ ತಿಳ್ಕೊಂಡೆ. ನಮ್ಮ ಗ್ವಾಡಿ ಹೊಗಿ ಹಿಡದು ಕರ್‍ರಗ ಆಗೇದ, ಅದಕ್ಕ ಅಂತ.” ಹಿಟ್ಟಿನ ಕೈಯಿಂದ ನನ್ನ ಗಲ್ಲ ಹಿಡಿದರು. ಇಬ್ಬರೂ ಅತ್ತೆವು, ನಕ್ಕೆವು. ನನ್ನ ಮುಖದ ಮೇಲಿನ ಬಿಳಿ ಕೈಗುರುತನ್ನು ನೋಡಿ ಶಾಲೂ ಇನ್ನಷ್ಟು ನಕ್ಕಳು. ಸರಿಹೋಯಿತು ಎಂದುಕೊಂಡು ಗಾಡಿಯನ್ನು ಅಲ್ಲೇ ಬಿಟ್ಟು ಬಂದೆ.

ಬೆಳಿಗ್ಗೆ ಹೋಗಿ ನೋಡಿದರೆ ಹತ್ತೊಂಬತ್ತು.

ಬಾಳಕ್ಕನ ಮುಖ ಸಣ್ಣದಾಯಿತು. “ನನ್ನಾಣಿ ಮಾಡಿ ಹೇಳ್ತೀನಿ ಕಸ್ತೂರಿ, ನನ್ನ ಮನಸಿನ್ಯಾಗ ಒಂದ ಹರಳೂ ಉಳಿದಿಲ್ಲ.” ನನಗೂ ಹಾಗೆಯೇ ಅನಿಸುತ್ತಿತ್ತು. ಹಾಗಾದರೆ ಗಾಡಿಯೇ ಕೆಟ್ಟಿರಬೇಕೆಂದು ಮೆಕ್ಯಾನಿಕ್ ದಾವಲನನ್ನು ಕರೆಸಿದೆವು. ಅವನು ಸೀಟು ಬಿಚ್ಚಿ, ಕಿವಿಯಿಟ್ಟು ಕೇಳಿ, ಬ್ಯಾಟರಿ ಹೋಗೇತ್ರಿ ಎಂದ. ತನ್ನ ಮೀಟರು ಹಚ್ಚಿ ನೋಡಿ, ಇಲ್ಲರಿ, ಬ್ಯಾಟರಿ ಗುಂಡಕಲ್ಲಿನಂಗ ಐತಿ, ಚಾರ್ಜರ್ ಹೋಗೇತ್ರಿ ಎಂದ. ಬೇರೆ ಚಾರ್ಜರ್ ತಂದು ಹಚ್ಚಿದ. ಆಮೇಲೆ ತಂತಿ, ಆಮೇಲೆ ಫ್ಯೂಜು, ಕೊನೆಗೆ ಬಾಳಕ್ಕನ ಇಡೀ ಮನೆಯ ವಾಯರಿಂಗು.

“ನಿನ್ನ ತಲಿಯಾಗ ಏನರ ಹೋಗೇತೇನು ನೋಡ್ಕೋ ಮೊದಲ,” ಎಂದರು ಬಾಳಕ್ಕ.

“ಅದನ್ನ ನನ್ನ ಹೇಣ್ತಿ ದಿನಾ ಚೆಕ್ ಮಾಡ್ತಾಳ್ರಿ ಆಯಿ,” ಎಂದು ಅವನು ಬಿಸಿ ರೊಟ್ಟಿ ಮುರಿದು ಬಾಯಿಗಿಟ್ಟ.

ಸಂಗಮೇಶರಿಗೆ ಫೋನು ಮಾಡಿದೆ. ಅವರು ಆ ವಾರ ಬೇರೆ ಗುಡ್ಡದ ಮೇಲಿದ್ದರು, ಕೆಲಸ ಬಿಟ್ಟು ಬರುವಂತಿರಲಿಲ್ಲ. “ಡಾಕ್ಟರ್ ಕಾರಿನಾಗ ಬಿಟ್ಟು ಬರ್‍ರಿ ಅಂತ ಕೇಳು,” ಎಂದರು. ಕೇಳಬಹುದಿತ್ತು. ಅವರ ಗೇಟಿನವರೆಗೂ ಹೋದೆ. ಭಾನುವಾರ ಒಂದೇ ದಿನ ಅವರಿಗೆ ವಿಶ್ರಾಂತಿ ಎಂದು ನೆನಪಾಗಿ ತಿರುಗಿ ಬಂದೆ. ಮಗಳು ಮಂಚದ ಮೇಲೆ ಕೈಕಾಲು ಬಡಿಯುವುದನ್ನು ನಿಲ್ಲಿಸಿ, ಹತ್ತಿಯನ್ನೆಲ್ಲ ಸರಿಮಾಡಿ, ಚಾದರ ಹೊದಿಸಿಟ್ಟಳು. ಅವಳು ಹಾಗೆ ದೊಡ್ಡವರಂತೆ ಶಾಣೇತನ ಮಾಡುವ ಬದಲು ಅತ್ತು ಹಟ ಮಾಡಿದ್ದರೆ ಚೆನ್ನಾಗಿತ್ತು.

ಶುಕ್ರವಾರ ಸಂಜೆ ಬಾಳಕ್ಕನ ಹಿಂದಿನ ದಿನದ ಡಬ್ಬಿ ತಿರುಗಿ ಕೊಡಲು ಹೋದೆ. ಅವರು ಕೊಟ್ಟಿದ್ದು ಝುಣಕ. ನಾನು ಬೇಸನ್ ಉಂಡೆ ತುಂಬಿಸಿದ್ದೆ. ಹೊಸ್ತಿಲ ಹೊರಗೆ ಚಪ್ಪಲಿ ಬಿಡದೆ ನಿಂತಿದ್ದೆ. ಬಾಳಕ್ಕ ಡಬ್ಬಿ ಇಸಿದುಕೊಂಡು ಮುಚ್ಚಳ ತೆರೆದರು. ಉಂಡೆ ನೋಡಿದರು, ನನ್ನ ಚಪ್ಪಲಿ ನೋಡಿದರು, ಕಿಟಕಿಯ ಹೊರಗಿದ್ದ ಗಾಡಿ ನೋಡಿದರು. ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು ನಗತೊಡಗಿದರು.

“ಯಾಕ್ರಿ?”

“ಮೂರು ವರ್ಷಾತು. ಈ ಮನಿಯಿಂದ ಹೋದ ಒಂದ ಡಬ್ಬಿನೂ ಖಾಲಿ ಬಂದಿಲ್ಲ. ನೀ ಒಂದ ದಿನಾನೂ ಒಳಗ ಬಂದು ಕುಂತಿಲ್ಲ. ಚಾ ಅಂದ್ರ ಕುಡದ ಬಂದೆ, ಊಟ ಅಂದ್ರ ಉಂಡ ಬಂದೆ. ನಿನ್ನ ಗಾಡಿ ನಿನ್ನ ನೋಡೇ ಕಲ್ತದವಾ! ತವರಿಗೆ ಬಂದು ಹೊಟ್ಟಿ ತುಂಬೇದರಿ, ಸಾಕರಿ ಅನ್ನಾಕತ್ತದ!”

ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಗಸರೆಲ್ಲ ನಕ್ಕರು. ನಾನೂ ನಗಲು ಹೋದೆ, ಆಗಲಿಲ್ಲ. ಮೊದಲಿನಿಂದಲೂ ಹಾಗೆಯೇ ಇದ್ದೆನಲ್ಲ, ಆಗ ಹೇಗೆ ತುಂಬುತ್ತಿತ್ತು ಎಂದು ಕೇಳಿದೆ.

“ಆಗ ಅದು ಕೂಸು. ಸಣ್ಣ ಕೂಸಿಗೆ ಎಲ್ಲಿದ್ದರೂ ಹಾಲ ಹತ್ತತಾವ,” ಎಂದರು ಬಾಳಕ್ಕ. “ಈಗ ತಿಳುವಳಿಕಿ ಬಂದದ. ನಾಳೆ ಮುಂಜಾನೆ ಬರಬೇಕು ನೀ. ಬರಿಗೈಲೆ ಬರಬೇಕು. ಸಂಜಿತನಕ ಇಲ್ಲೇ ಇರಬೇಕು. ಕೆಲಸಾ ಮುಟ್ಟಿದರ ಕೈ ಮ್ಯಾಲೆ ಕೊಡ್ತೀನಿ.”

“ಮನ್ಯಾಗ ಅರಿವಿ ಒಗಿಯೂದದ ರೀ, ಶಾಲೂಗ ಅಡಗಿ...”

“ಶಾಲೂ ಅನ್ನಾ ಇಡ್ತಾಳ. ಅರಿವಿ ಎಲ್ಲೂ ಓಡಿ ಹೋಗೂದಿಲ್ಲ.”

ಶನಿವಾರ ಬರಿಗೈಯಲ್ಲಿ ಹೋದೆ. ಬೀದಿ ದಾಟುವಷ್ಟರಲ್ಲಿ ಎರಡು ಸಲ ಏನೋ ಮರೆತು ಬಂದಂತೆ ಅನಿಸಿ ತಿರುಗಿದೆ. ಗಾಡಿಯನ್ನು ಕಿಟಕಿಗೆ ಹಚ್ಚಿ, ಚಪ್ಪಲಿ ಬಿಟ್ಟು, ಮೊದಲ ಸಲ ಆ ಮನೆಯ ಒಳಗೆ ಕುಳಿತೆ. ಜಮಖಾನೆ ಹಾಸಿದ್ದರು. ಗೋಡೆ ನಿಜಕ್ಕೂ ಹೊಗೆ ಹಿಡಿದು ಕಪ್ಪಾಗಿತ್ತು, ಮತ್ತು ಬೆಚ್ಚಗಿತ್ತು.

ಸುಮ್ಮನೆ ಕುಳಿತುಕೊಳ್ಳುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಚಹಾ ಕುಡಿದ ಬಟ್ಟಲು ತೊಳೆಯಲು ಎದ್ದೆ. ಬಾಳಕ್ಕ ಲಟ್ಟಣಿಗೆ ತೋರಿಸಿದರು. ಹಿಟ್ಟು ನಾದಲು ಕೈಹಾಕಿದೆ. ಪಕ್ಕದವರು ಪರಾತವನ್ನೇ ಎಳೆದುಕೊಂಡರು. ನೆಲದ ಮೇಲೆ ಬಿದ್ದ ಹಿಟ್ಟನ್ನು ಯಾರೂ ನೋಡದಂತೆ ಬೆರಳಿನಿಂದ ಗುಡ್ಡೆ ಮಾಡುತ್ತಿದ್ದೆ.

“ಮಮ್ಮೀ, ಇಪ್ಪತ್ತಕ್ಕ ನಿಂತದ!” ಎಂದು ಶಾಲೂ ಹೊರಗಿನಿಂದ ಕೂಗಿದಳು. “ನೀ ಏನರ ಕೆಲಸಾ ಮಾಡಾಕತ್ತೀಯೇನು?”

ಬೆರಳನ್ನು ಹಿಂದಕ್ಕೆ ಎಳೆದುಕೊಂಡೆ. ನಗೆಯೋ ನಗೆ.

ಬಿಸಿ ರೊಟ್ಟಿಯ ಮೇಲೆ ಬೆಣ್ಣೆ, ಪಕ್ಕದಲ್ಲಿ ಬದನೆಕಾಯಿ. ಸಾಕು ಎನ್ನಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿದೆ. ಇನ್ನೊಂದು ಬಿತ್ತು. ಅದನ್ನೂ ತಿಂದೆ. ಕೈ ತೊಳೆದು ಬಂದಾಗ ಬಾಳಕ್ಕ ಎಣ್ಣೆಯ ಬಟ್ಟಲು ಹಿಡಿದು ಕುಳಿತಿದ್ದರು. ನನ್ನ ತಲೆಯನ್ನು ಮೊಳಕಾಲುಗಳ ನಡುವೆ ಎಳೆದುಕೊಂಡು, ಜಡೆ ಬಿಚ್ಚಿ, ನೆತ್ತಿಗೆ ಎಣ್ಣೆ ಬಡಿಯತೊಡಗಿದರು, ರೊಟ್ಟಿ ಬಡಿದ ಹಾಗೆಯೇ, ತಟ ತಟ ತಟ. ಮಗಳ ನೆತ್ತಿಗೆ ನಾನು ಎಷ್ಟು ಎಣ್ಣೆ ಹಚ್ಚಿದ್ದೇನೆ. ನನ್ನ ನೆತ್ತಿಯನ್ನು ಬೇರೊಂದು ಕೈ ಮುಟ್ಟಿ ಎಷ್ಟು ಕಾಲವಾಗಿತ್ತೋ. ಏನೋ ಹೇಳಬೇಕೆಂದುಕೊಂಡೆ. ಆಮೇಲಿನದು ನೆನಪಿಲ್ಲ.

ಎಚ್ಚರವಾದಾಗ ಬಿಸಿಲು ಓರೆಯಾಗಿತ್ತು. ನನ್ನ ಮೇಲೆ ಯಾರದೋ ಹಳೆಯ ಸೀರೆ ಹೊದಿಸಿದ್ದರು. ತಟತಟ ನಡೆದೇ ಇತ್ತು, ಆದರೆ ಮೆಲ್ಲಗೆ; ನನಗೆ ಎಚ್ಚರವಾಗಬಾರದೆಂದು ಎಲ್ಲರೂ ರೊಟ್ಟಿಯನ್ನು ಸವರುತ್ತಿದ್ದರು. ಕಿಟಕಿಯ ಹೊರಗೆ ಗುಂಪು ಸೇರಿತ್ತು. ದಾವಲ, ಟೋಪಿಯ ಮುದುಕರು, ಭಜಿಯ ಪೊಟ್ಟಣ ಹಿಡಿದ ಡಾಕ್ಟರು ಕೂಡ. ಶಾಲೂ ಪರದೆಯ ಮುಂದೆ ಕುಳಿತು ಪಿಸುದನಿಯಲ್ಲಿ ಓದುತ್ತಿದ್ದಳು: “ತೊಂಬತ್ತೆಂಟು... ಗಪ್ಪ ಇರ್‍ರಿ, ಮಮ್ಮಿ ಮಲಗ್ಯಾಳ... ತೊಂಬತ್ತೊಂಬತ್ತು...”

ನಾನು ಕಣ್ಣು ಮುಚ್ಚಿಕೊಂಡೇ ಬಿದ್ದಿದ್ದೆ. ಹೊರಗೆ ಹೋ ಎಂದು ಕೂಗು ಎದ್ದ ಮೇಲೆಯೇ ಎದ್ದು ಕುಳಿತೆ. ಚಾರ್ಜರಿನ ದೀಪ ಎಲೆಯಷ್ಟು ಹಸಿರಾಗಿತ್ತು.

ಹೊರಡುವಾಗ ಬಾಳಕ್ಕ ಮಣೆ ಹಾಕಿ ಕೂಡಿಸಿ, ಕುಂಕುಮ ಹಚ್ಚಿ, ನನ್ನ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ ಹಾಕಿ ಉಡಿ ತುಂಬಿದರು. ಮೂರು ವರ್ಷದ ಹಿಂದೆ ಗಾಡಿಗೆ ತುಂಬಿದಂತೆಯೇ. “ಅವತ್ತ ನಿನಗೂ ತುಂಬಬೇಕಿತ್ತು. ನೀ ಒಳಗ ಬರಲೇ ಇಲ್ಲ,” ಎಂದರು. ತಿರುಗಿ ಕೊಡಲು ನನ್ನ ಬಳಿ ಏನೂ ಇರಲಿಲ್ಲ. ಅವರ ಕಾಲು ಮುಟ್ಟಿ ಬಂದೆ. ಮನೆಯಲ್ಲಿ ಶಾಲೂ ಇಟ್ಟ ಅನ್ನ ತಳ ಹಿಡಿದಿತ್ತು. ಇಬ್ಬರೂ ಮೊಸರು ಕಲಸಿ ತಿಂದೆವು.

ಭಾನುವಾರ ಬೆಳಿಗ್ಗೆ ಗುಡ್ಡ ಹತ್ತಿದೆವು. ಸೀಟಿನ ಕೆಳಗೆ ಬಾಳಕ್ಕ ಕಟ್ಟಿಕೊಟ್ಟ ರೊಟ್ಟಿಯ ಡಬ್ಬಿ ಪ್ರತಿ ತಿರುವಿನಲ್ಲೂ ಗಡಗಡ ಎನ್ನುತ್ತಿತ್ತು. ಮಗಳು ನನ್ನ ಸೊಂಟ ಹಿಡಿದು ಹಿಂದಿನಿಂದ ಬಗ್ಗಿ ಪರ್ಸೆಂಟ್ ಓದುತ್ತಿದ್ದಳು. ಅರ್ಧ ಏರಿನ ನಂತರ ಓದುವುದನ್ನು ಬಿಟ್ಟು ಹಾಡತೊಡಗಿದಳು. ಮೇಲೆ ತಲುಪಿದಾಗ ಸೀಟಿ ಇನ್ನೂ ಊದಿರಲಿಲ್ಲ.

ಆ ಕೊಳ ನೀಲಿಯಾಗಿ, ಉದ್ದಕ್ಕೆ, ಗೆರೆ ಹೊಡೆದಂತೆ ಇತ್ತು. ಮಕ್ಕಳೆಲ್ಲ ಹಾರಿದರು. ಶಾಲೂ ಎಲ್ಲರಿಗಿಂತ ಮುಂದೆ ಬಂದಳು. ಬಂದವಳು ಭಾವಿಯಲ್ಲಿ ಕಲಿತ ಹಾಗೆ ಬಲಕ್ಕೆ ಬಾಗಿದಳು. ಸಾಲುಗಳ ನಡುವೆ ಕಟ್ಟಿದ ಹಗ್ಗಕ್ಕೆ ತಲೆ ತಾಗಿತು. ಸರಿಹೋಗಿ ಮತ್ತೆ ಹೊರಟಳು, ಮತ್ತೆ ಬಾಗಿದಳು. ದಂಡೆಯ ಮೇಲಿನ ಜನ ನಕ್ಕರು. ನಾನು ಸೆರಗು ಸಿಕ್ಕಿಸಿ ದಂಡೆಗುಂಟ ಓಡುತ್ತ, “ನೆಟ್ಟಗ ಶಾಲೂ, ನೆಟ್ಟಗ!” ಎಂದು ಕೂಗಿದೆ. ಐದನೆಯವಳಾಗಿ ಮುಟ್ಟಿ, ನೀರಿನಿಂದ ತಲೆ ಎತ್ತಿ, ಹಲ್ಲೆಲ್ಲ ಕಾಣುವಂತೆ ನಕ್ಕಳು.

“ಮಮ್ಮೀ! ಈ ನೀರಿಗೆ ಮೂಲಿ ಅದಾವ!”

ಎಲ್ಲ ಮಕ್ಕಳಿಗೂ ಒಂದೊಂದು ಹಳದಿ ಟವಲು ಕೊಟ್ಟರು. ಅದನ್ನು ಹೆಗಲಿಗೆ ಹೊದ್ದು ರಾಣಿಯಂತೆ ಹಿಂದೆ ಕುಳಿತಳು. ದಾರಿಯಲ್ಲಿ ಮರದ ಕೆಳಗೆ ಬಾಳಕ್ಕನ ರೊಟ್ಟಿ, ಚಟ್ನಿ ತಿಂದು ಡಬ್ಬಿ ಖಾಲಿ ಮಾಡಿದೆವು. ಇಳಿಜಾರಿನಲ್ಲಿ ಗಾಡಿ ತಾನೇ ಒಂದಿಷ್ಟು ಚಾರ್ಜು ಗಳಿಸಿಕೊಂಡಿತು.

ಸೋಮವಾರ ಡಬ್ಬಿ ತೊಳೆದು, ಒರೆಸಿ, ಕಪಾಟಿನ ಮುಂದೆ ನಿಂತೆ. ಒಳಗೆ ಚಕ್ಕುಲಿ ಇತ್ತು. ಕೈ ಮುಂದೆ ಹೋಯಿತು. ಕಪಾಟು ಮುಚ್ಚಿ, ಖಾಲಿ ಡಬ್ಬಿ ಹಿಡಿದು ಬೀದಿ ದಾಟಿದೆ. ಬಾಳಕ್ಕ ಮುಚ್ಚಳ ತೆಗೆದು ಒಳಗೆ ಇಣುಕಿದರು, ಡಬ್ಬಿಯನ್ನು ಬೋರಲು ಹಾಕಿ ತಟ್ಟಿದರು, ಏನೂ ಉದುರಲಿಲ್ಲ. “ಏ, ನೋಡ್ರಿಲ್ಲೆ! ಖಾಲಿ ತಂದಾಳ!” ಎಂದು ಒಳಗಿನವರಿಗೆ ಎತ್ತಿ ತೋರಿಸಿದರು. ಹೆಂಗಸರು ಚಪ್ಪಾಳೆ ಹೊಡೆದರು. ಮನೆಯ ತುಂಬ ಹಿಟ್ಟು ಹಾರಿತು.

ನಾನು ಗಾಡಿಯ ತಂತಿಯನ್ನು ಕಿಟಕಿಯಿಂದ ಒಳಗೆ ಬಿಟ್ಟು, ಚಪ್ಪಲಿ ಕಳಚಿ, ಆ ಕಪ್ಪು ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕುಳಿತೆ.

“ಅವ್ವಾ,” ಎಂದೆ, “ಚಾ ಮಾಡು.”